ನೋಡಲು ಬಂದವಳು

ಕೈ ನಡುಗುವುದು ಕಾಣಬಾರದೆಂದು ಬಸಲಿಂಗಮ್ಮ ಎರಡೂ ಅಂಗೈಗಳನ್ನು ಸೆರಗಿನೊಳಗೆ ಅದುಮಿಟ್ಟುಕೊಂಡಳು. ಎದುರಿನ ಕುರ್ಚಿಯಲ್ಲಿದ್ದ ಸೌಭಾಗ್ಯಳ ಕಣ್ಣು ಬಲು ಚುರುಕು.

"ಕೈ ಹೊರಗ ತಗೀರಿ ಅಮ್ಮಾರ, ನೋಡೋಣು."

ತೆಗೆಯದೆ ವಿಧಿಯಿರಲಿಲ್ಲ. ವಯಸ್ಸಾದವರನ್ನು ಮನೆಯಲ್ಲೇ ಇದ್ದು ನೋಡಿಕೊಳ್ಳುವ ಕೆಲಸಕ್ಕೆ ತಿಂಗಳಿಗೆ ಎಷ್ಟು ಎಂಬ ಮಾತು ಇವತ್ತು ಮುಗಿಯಬೇಕಿತ್ತು. ಕಣ್ಣಾರೆ ನೋಡದೆ ದರ ಮಾತಾಡುವುದಿಲ್ಲ ಎಂದು ಸೌಭಾಗ್ಯ ಫೋನಿನಲ್ಲೇ ಖಡಕ್ಕಾಗಿ ಹೇಳಿ, ಬೆಳಗಿನ ಬಸ್ಸಿಗೆ ಕೊಟ್ಟೂರಿನಿಂದ ತಂಬ್ರಹಳ್ಳಿಗೆ ಬಂದಿದ್ದಳು.

ಸೊಸೆ ಗಂಗಾಂಬಿಕಾ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದಿಟ್ಟಳು. ಬಸಲಿಂಗಮ್ಮನಿಗೆ ಒಳಗೊಳಗೇ ನಗು. ಐವತ್ತೈದು ವರ್ಷದ ಹಿಂದೆ ಇಟ್ಟಿಗಿಯ ತವರಿನಲ್ಲೂ ಹೀಗೇ ತಿಂಡಿ ಇಟ್ಟಿದ್ದರು; ಗಂಡಿನ ಕಡೆಯವರು ಚಾಪೆಯ ಮೇಲೆ ಕೂರಿಸಿ, ಎಬ್ಬಿಸಿ, ನಡೆಸಿ ನೋಡಿದ್ದರು. ಅವತ್ತು ಒಪ್ಪದಿದ್ದರೆ ಸಾಕು ಅನಿಸಿತ್ತು. ಇವತ್ತು ಒಪ್ಪಿದರೆ ಸಾಕಾಗಿತ್ತು. ಮೊದಲು ಬಂದ ಇಬ್ಬರು ಎಪ್ಪತ್ತಮೂರು ವರ್ಷ ಎಂದು ಕೇಳಿದ್ದೇ ಚಹಾ ಕೂಡ ಕುಡಿಯದೆ ಎದ್ದು ಹೋಗಿದ್ದರು. ಇವಳೂ ಹೋದರೆ ಮಗ ಮತ್ತೆ ಅದೇ ಮಾತು ಎತ್ತುತ್ತಾನೆ: "ನಿನ್ನ ಗುಳಿಗಿ, ನಿನ್ನ ಕೂಳು, ಎಲ್ಲಾ ನನ್ನ ತಲಿ ಮ್ಯಾಲೆ." ಹೆತ್ತ ಮಗನ ಬಾಯಿಂದ ಅದನ್ನು ಇನ್ನೊಂದು ಸಲ ಕೇಳುವ ಶಕ್ತಿ ಅವಳಿಗಿರಲಿಲ್ಲ.

ಆ ಮಗ ಕೊಟ್ರಸ್ವಾಮಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಬೈಕಿನ ಬಿಡಿಭಾಗಗಳ ಅಂಗಡಿ. ವ್ಯಾಪಾರ ಅವನ ನಾಲಿಗೆಯ ತುದಿಯಲ್ಲೇ ಇರುತ್ತದೆ.

"ಸ್ನಾನ, ಪಾಯಿಖಾನಿ ಎಲ್ಲಾ ತಾನ ಹೋಗಿ ಬರ್ತಾಳ್ರಿ ಅಕ್ಕಾರ. ಯಾರೂ ಕೈ ಹಿಡಿಯಾದು ಬ್ಯಾಡ. ಹ್ವಾದ ವರ್ಷನ ಕಣ್ಣಿನ ಆಪರೇಷನ್ ಮಾಡಿಸೀವಿ."

"ರಾತ್ರಿ ಹೆಂಗ?"

"ಒಂದ ಸಲ ಕೂಗಿದ್ರ ಎದ್ದು ಕುಂದರ್ತಾಳ."

"ಸಿಟ್ಟು ಗಿಟ್ಟು?"

"ಇಲ್ಲೇಳ್ರಿ, ಆಕಳಂಥಾಕಿ."

ಸೌಭಾಗ್ಯ ಚೀಲದಿಂದ ಬಿ.ಪಿ. ನೋಡುವ ಯಂತ್ರ ತೆಗೆದು ಬಸಲಿಂಗಮ್ಮನ ತೋಳಿಗೆ ಪಟ್ಟಿ ಸುತ್ತಿದಳು. "ನೂರಾ ಅರವತ್ತು ತೋರಸ್ತೈತಿ. ಕೈ ಬ್ಯಾರೆ ನಡುಗ್ತಾವ. ಇದ್ಕ ತಕ್ಕಂಗ ಮಾತಾಡ್ರಿ ಅಣ್ಣಾರ."

"ಅಂಜಿಕಿಗಿ ಏರೈತ್ರಿ. ದಿನಾ ಹಂಗಿರಂಗಿಲ್ಲ."

ಪೇಟೆಯಲ್ಲಿ ಇಂಥ ಕೆಲಸಕ್ಕೆ ಹದಿನೆಂಟು ಸಾವಿರ ನಡೆದಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವನು ತಾಯಿಯ ಗಟ್ಟಿತನವನ್ನು ಹೊಗಳಿದಷ್ಟೂ ಅವಳು ಒಂದೊಂದೇ ಕಾಯಿಲೆಯನ್ನು ಎತ್ತಿ ತೋರಿಸಿದಳು. ಇಬ್ಬರೂ ಸೇರಿ ತನ್ನ ಮೈಯನ್ನು ತೂಗುತ್ತಿದ್ದಾರೆ ಅನಿಸಿತು ಬಸಲಿಂಗಮ್ಮನಿಗೆ. ಆದರೂ ಹೇಳಿದಾಗ ಎದ್ದಳು, ಬಾಗಿಲವರೆಗೆ ನಡೆದಳು. ಮಂಡಿ ಚುಚ್ಚಿದರೂ ಮುಖ ಕಿವುಚಲಿಲ್ಲ. ಯಾರೂ ಕೇಳದಿದ್ದರೂ ತುಂಬಿದ ಕೊಡವೊಂದನ್ನು ಎತ್ತಿ ಕಟ್ಟೆಯ ಮೇಲಿಟ್ಟಳು.

ಅದನ್ನು ನೋಡಿ ಸೌಭಾಗ್ಯ ಯಂತ್ರವನ್ನು ಚೀಲಕ್ಕೆ ಹಾಕಿದಳು. ಮಂಡಕ್ಕಿ ಖಾಲಿಯಾಗುವ ಹೊತ್ತಿಗೆ ಒಂಬತ್ತು ಸಾವಿರಕ್ಕೆ ಮಾತು ಮುಗಿಯಿತು.

ಬಸಲಿಂಗಮ್ಮ ಹಿಡಿದಿಟ್ಟ ಉಸಿರು ಬಿಟ್ಟಳು. ಇವತ್ತಿನ ರಾತ್ರಿಯ ರೊಟ್ಟಿಯಾದರೂ ಗಂಟಲಲ್ಲಿ ಇಳಿಯುತ್ತದೆ.

ಸೌಭಾಗ್ಯ ಪರ್ಸ್ ತೆರೆದು, ಮುಂಗಡವೆಂದು ಐನೂರರ ನಾಲ್ಕು ನೋಟುಗಳನ್ನು ಕೊಟ್ರಸ್ವಾಮಿಯ ಕೈಗಿಟ್ಟಳು. ಅವನು ಎಣಿಸಿ ಜೇಬಿಗಿಳಿಸಿದ.

"ನಾಳಿ ಮೊದಲನೇ ಬಸ್ಸಿಗಿ ಕಳಸ್ರಿ," ಎಂದು ಹೇಳಿ ಸೌಭಾಗ್ಯ ಬಸಲಿಂಗಮ್ಮನ ಕಡೆ ತಿರುಗಿದಳು. "ಅಂಜಬ್ಯಾಡ್ರಿ ಅಮ್ಮಾರ, ನಮ್ಮತ್ತಿಗಿ ಉಣಿಸಿ, ಹೊಲಸು ತಗದು, ಮಗ್ಗಲು ಹೊರಳಿಸಿದ್ರ ಸಾಕು. ಅವರು ನಿಮಗಿಂತ ಎಂಟು ವರ್ಷ ಸಣ್ಣೋರು."