ಮೂವತ್ತು ಪರ್ಸೆಂಟ್ ಕಾಲು

ದೂರಿನ ಕೆಳಗೆ ಸಹಿ ಇರಲಿಲ್ಲ.

"ಇನ್ನೊಮ್ಮೆ ಓದು ಮಾರಾಯ," ಎಂದ ಹರಿನಾಥ.

ಕುಂಞ ತನ್ನ ಆಟೋದಲ್ಲೇ ಕುಳಿತು, ಪಿಂಚಣಿ ಕಚೇರಿಯ ನೋಟೀಸಿನ ಜೊತೆ ಬಂದಿದ್ದ ಮಲಯಾಳದ ಅರ್ಜಿಯ ಪ್ರತಿಯನ್ನು ಎರಡನೇ ಸಲ ಕನ್ನಡದಲ್ಲಿ ಬಿಡಿಸಿ ಹೇಳಿದ. ಅಡೂರಿನ ಮಾಜಿ ಹವಾಲ್ದಾರ ಹರಿನಾಥ ಸರ್ಕಾರಕ್ಕೆ ಮೋಸ ಮಾಡುತ್ತಿದ್ದಾನೆ. ಬಲಗಾಲು ಊನವೆಂದು ಪಿಂಚಣಿಯ ಜೊತೆಗೆ ಅಂಗವೈಕಲ್ಯದ ಪಾಲನ್ನೂ ಪಡೆಯುತ್ತಾನೆ, ಅದೇ ಕಾಲಿನಿಂದ ದಿನಾಲೂ ಶಾಲೆಯ ವ್ಯಾನ್ ಓಡಿಸುತ್ತಾನೆ. ಅವನನ್ನು ಮತ್ತೆ ಮೆಡಿಕಲ್ ಬೋರ್ಡಿನ ಮುಂದೆ ನಿಲ್ಲಿಸಬೇಕು. ಕಾಲು ಮಾತ್ರವಲ್ಲ, ಬೆನ್ನನ್ನೂ ಪರೀಕ್ಷಿಸಬೇಕು.

"ಬೆನ್ನು ಎಂತಕ್ಕೆ?" ಎಂದ ಕುಂಞ.

"ಅಂಗಿ ಬಿಚ್ಚಿಸಿ ಮಾನ ಕಳೆಯಲಿಕ್ಕೆ. ಮತ್ತೆಂತಕ್ಕೆ?"

ಗಡಿಯ ಕುಪ್ವಾರಾದಲ್ಲಿ ನೆಲಬಾಂಬು ಸಿಡಿದು ಇಪ್ಪತ್ತು ವರ್ಷವಾಗಿತ್ತು. ಕಬ್ಬಿಣದ ಚೂರುಗಳಲ್ಲಿ ಕೆಲವನ್ನು ತೆಗೆದಿದ್ದರು, ಕೆಲವು ಒಳಗೇ ಉಳಿದಿದ್ದವು. ಅಂದಿನ ಬೋರ್ಡು ಮೂವತ್ತು ಪರ್ಸೆಂಟ್ ಊನ ಎಂದು ಬರೆದಿತ್ತು. ನಿವೃತ್ತನಾದಾಗ ಪಿಂಚಣಿ ಎರಡು ಪಾಲಾಗಿ ಬಂತು: ಸೇವೆ ಮಾಡಿದ ವರ್ಷಗಳಿಗೊಂದು, ತಿಂದ ಪೆಟ್ಟಿಗೊಂದು. ದೂರು ನಿಜವೆಂದಾದರೆ ಎರಡನೆಯದು ನಿಲ್ಲುತ್ತದೆ. ನಿಂತರೆ ಉಪವಾಸವೇನೂ ಬೀಳಬೇಕಿಲ್ಲ. ಆದರೆ ಆ ಪಾಲು ನಿಂತ ದಿನ ಊರಿಗೆ ಅವನು ಪೆಟ್ಟು ತಿಂದ ಸೈನಿಕನಲ್ಲ, ಕಳ್ಳ.

ಅಷ್ಟು ಶುದ್ಧ ಮಲಯಾಳದಲ್ಲಿ, ನಿಯಮದ ನಂಬರ್ ಸಮೇತ ಅರ್ಜಿ ಬರೆಯಬಲ್ಲವರು ಅಡೂರಿನ ಸುತ್ತ ಒಬ್ಬರೇ ಇದ್ದರು. ಸುಬೇದಾರ್ ವಿಷ್ಣುಪ್ರಸಾದರು. ಸೈನ್ಯದಲ್ಲಿ ಗುಮಾಸ್ತರಾಗಿದ್ದವರು. ಮಾಜಿ ಸೈನಿಕರ ಕಾಗದಪತ್ರವೆಲ್ಲ ಈಗಲೂ ಅವರ ಕೈಯಿಂದಲೇ ಆಗಬೇಕು. ಹರಿನಾಥನಿಗೆ ಅವರು ಅಣ್ಣನಿಗಿಂತ ಹೆಚ್ಚು.

ಕಳೆದ ಓಣಂ ಸಮಯಕ್ಕೆ ಅವರೇ ಒಂದು ಫಾರ್ಮು ಹಿಡಿದು ಮನೆಗೆ ಬಂದಿದ್ದರು. "ನಿನ್ನ ಕಾಲು ಮೊದಲಿನ ಹಾಗೆ ಇಲ್ಲ ಹರಿ. ಮರುಪರೀಕ್ಷೆಗೆ ಬರೆದು ಹಾಕುವ. ಪರ್ಸೆಂಟ್ ಜಾಸ್ತಿ ಮಾಡ್ತಾರೆ."

ಹರಿನಾಥ ಫಾರ್ಮನ್ನು ಎರಡು ತುಂಡು ಮಾಡಿದ್ದ. "ಕಾಲು ತೋರಿಸಿ ಬೇಡುವವನಲ್ಲ ನಾನು."

ಬೇಡುವುದು ಅವನ ಚಿಂತೆಯಾಗಿರಲಿಲ್ಲ. ಒಂದು ವರ್ಷದಿಂದ ಬಲಗಾಲು ಮರಗಟ್ಟುತ್ತಿತ್ತು. ಚಪ್ಪಲಿ ಕಳಚಿ ಬಿದ್ದದ್ದೂ ತಿಳಿಯುತ್ತಿರಲಿಲ್ಲ. ಹೆಂಡತಿ ಪಂಕಜಾಕ್ಷಿ ಅದನ್ನು ಅಂಗಳದಿಂದ ಹೆಕ್ಕಿ ತಂದು ಮೆಟ್ಟಿಲ ಬಳಿ ಇಡುತ್ತಿದ್ದಳು, ಒಂದು ಮಾತೂ ಆಡದೆ. ತಿರುವುಗಳಲ್ಲಿ ಅವನು ಒಮ್ಮೆ ಬಗ್ಗಿ ಕಾಲು ಎಲ್ಲಿದೆಯೆಂದು ನೋಡಿಯೇ ಬ್ರೇಕು ಒತ್ತುತ್ತಿದ್ದ. ಪರ್ಸೆಂಟ್ ಹೆಚ್ಚಾದವನ ಕೈಗೆ ಇಪ್ಪತ್ತೆರಡು ಮಕ್ಕಳ ವ್ಯಾನನ್ನು ಯಾರು ಕೊಡುತ್ತಾರೆ? ಬೆಳಗ್ಗೆ ಎದ್ದು ಹೋಗಲು ಅವನಿಗೆ ಇದ್ದದ್ದು ಅದೊಂದೇ.

ಮಾಜಿ ಸೈನಿಕರ ತಿಂಗಳ ಸಭೆಯಲ್ಲಿ ಅವನು ದೂರಿನ ಪ್ರತಿಯನ್ನು ಸುಬೇದಾರರ ಮುಂದೆ ಎಸೆದ.

"ಇದು ನಿಮ್ಮ ಭಾಷೆ ಅಲ್ವಾ ಸಾಹೇಬರೇ? ಅಲ್ಲ ಅಂತ ಒಂದು ಮಾತು ಹೇಳಿ. ಕಾಲಿಗೆ ಬೀಳ್ತೇನೆ."

ಸುಬೇದಾರರು ಕಾಗದ ಮುಟ್ಟಲಿಲ್ಲ. "ನೀನು ಬೋರ್ಡಿಗೆ ಹೋಗಿ ಬಾ ಹರಿ. ಉಳಿದದ್ದು ಆಮೇಲೆ ಮಾತಾಡುವ."

"ನನ್ನ ಉಪ್ಪು ತಿಂದವರು ನೀವು. ನಾನು ಸತ್ತರೆ ಹೆಣ ನೋಡಲಿಕ್ಕೂ ಬರಬೇಡಿ!"

ಮೂವತ್ತು ಜನ ಕೇಳಿದರು. ಸುಬೇದಾರರು ಕನ್ನಡಕ ತೆಗೆದು ಒರೆಸಿಕೊಂಡರು.

ಮನೆಯಲ್ಲಿ ಪಂಕಜಾಕ್ಷಿ ಎಲ್ಲವನ್ನೂ ನಿಂತೇ ಕೇಳಿದಳು. "ಯಾರು ಬರೆದರೂ ಬರೆಯಲಿ. ನೀವು ಹೋಗಿ ತೋರಿಸಿ. ಎಂತದ್ದನ್ನೂ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕಳ್ಳ ಅಂತಲೇ ಆಗ್ತದೆ."

ಆ ಮಾತು ನಾಟಿತು. ವಾರದೊಳಗೆ ಇಬ್ಬರೂ ಕಣ್ಣೂರಿನ ಮಿಲಿಟರಿ ಆಸ್ಪತ್ರೆಗೆ ಹೋದರು.

ಬೋರ್ಡಿನ ಡಾಕ್ಟರು ಇನ್ನೂ ಚಿಕ್ಕ ಪ್ರಾಯದ ಹೆಂಗಸು, ಮೇಜರ್. ಹರಿನಾಥನಿಗೆ ಕಣ್ಣು ಮುಚ್ಚಿ ಮಲಗಲು ಹೇಳಿದಳು. "ಸೂಜಿ ಚುಚ್ಚುತ್ತೇನೆ. ತಾಗಿದಾಗೆಲ್ಲ ಹೇಳಿ," ಎಂದಳು ಹಿಂದಿಯಲ್ಲಿ.

ಅವನು ಕಾದ. "ಶುರು ಮಾಡಿ, ಡಾಕ್ಟರ್ ಸಾಹೇಬ್."

"ಆರು ಸಲ ಚುಚ್ಚಿ ಆಯಿತು."

ಸ್ಕ್ಯಾನಿನಲ್ಲಿ, ಬೆನ್ನಿನೊಳಗೆ ಉಳಿದಿದ್ದ ಬಾಂಬಿನ ಚೂರೊಂದು ಜಾಗ ಬಿಟ್ಟು ಸರಿದು ನರವನ್ನು ಒತ್ತುತ್ತಿರುವುದು ಕಂಡಿತು. ಇನ್ನು ಕೆಲವು ತಿಂಗಳು ತಡವಾಗಿದ್ದರೆ ಎರಡೂ ಕಾಲು ಹೋಗುತ್ತಿದ್ದವು. ಮುಂದಿನ ವಾರವೇ ಆಪರೇಷನ್. ದೂರಿನಲ್ಲಿ ಹುರುಳಿಲ್ಲವೆಂದು ಬೋರ್ಡು ಬರೆಯುತ್ತದೆ, ಊನ ಅರುವತ್ತು ಪರ್ಸೆಂಟ್, ಐವತ್ತು ದಾಟಿದ್ದರಿಂದ ನಿಯಮದಂತೆ ಎಪ್ಪತ್ತೈದೆಂದು ಹಿಡಿದು ಪಿಂಚಣಿಯ ಪಾಲನ್ನು ಹೆಚ್ಚಿಸುತ್ತಾರೆ ಎಂದಳು ಡಾಕ್ಟರು. ಬಾಗಿಲವರೆಗೆ ಬಂದು ಇನ್ನೊಂದು ಮಾತು ಸೇರಿಸಿದಳು: "ಇವತ್ತಿನಿಂದ ಸ್ಟಿಯರಿಂಗ್ ಮುಟ್ಟಬೇಡಿ."

ಹಿಂದಿರುಗುವ ರೈಲಿನಲ್ಲಿ ಹರಿನಾಥ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದ.

"ಕಳ್ಳ ಅಲ್ಲ ಅಂತ ಆಯಿತು," ಎಂದ ನೀಲೇಶ್ವರ ದಾಟಿದ ಮೇಲೆ. "ಆದರೆ ವ್ಯಾನ್ ಹೋಯಿತು. ಕಾಲು ಉಳಿಯಿತು ಅಂತ ಸಂತೋಷಪಡಬೇಕೋ ಎಂತದೋ, ನನಗೆ ಗೊತ್ತಾಗ್ತಾ ಇಲ್ಲ. ಇಪ್ಪತ್ತು ವರ್ಷ ಒಟ್ಟಿಗೆ ಉಂಡ ಮನುಷ್ಯ ಬೆನ್ನ ಹಿಂದೆ ಹೀಗೆ ಬರೆದನಲ್ಲ, ಅದು ಮಾತ್ರ ಸಾಯುವವರೆಗೆ ಮರೆಯುವುದಿಲ್ಲ. ಅಥವಾ ಅವರಲ್ಲವೋ? ನೀನಾದರೂ ಹೇಳು ಪಂಕಜಾ, ಬರೆದದ್ದು ಅವರೇ ಅಲ್ವಾ?"

ಪಂಕಜಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಬರೆದದ್ದು ಸುಬೇದಾರರೇ. ಹೇಳಿ ಬರೆಸಿದ್ದು ನಾನು."