ರಾಜನಿಗೆ ಮಾಟ

"ನನ್ ರಾಜನಿಗೆ ಏನ್ಲಾ ಮಾಡ್ದೆ?"

ಕೋಲಾರದ ರೈಲು ನಿಲ್ದಾಣದೆದುರು ಆವಲಪ್ಪ ಪೆದ್ದಪ್ಪನ ಅಂಗಿ ಹಿಡಿದು ಜಗ್ಗಿದ. ಇಬ್ಬರೂ ಜಟಕಾದವರು, ಮುಖ ಕಂಡರೆ ಆಗದವರು. ಹೆಂಡತಿಯ ಕಾಟಕ್ಕೆ ಬೀಡಿ ಬಿಟ್ಟು ನಸ್ಯಕ್ಕಿಳಿದ ಮೇಲಂತೂ ಆವಲಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ.

"ಮೊದ್ಲು ನಿನ್ ಕೈಗುಣ ನೋಡ್ಕೊ," ಎಂದು ಪೆದ್ದಪ್ಪ ಕೊಸರಿಕೊಂಡ.

ರಾಜ ಆವಲಪ್ಪನ ಕುದುರೆ. ತಿಂಗಳಿಂದ ಅದು ಮೂಗಿಗೆ ಕಣಜದ ಹುಳ ಹೊಕ್ಕಂತೆ ತಲೆ ಕೊಡವುತ್ತಿತ್ತು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ನಿಂತು ಜಟಕಾಗಳಿಗೆ ಸುಗ್ಗಿ. ಆದರೆ ಜನ ರಾಜನಿಗೆ ಹೆದರಿ ಪೆದ್ದಪ್ಪನ ಗಾಡಿ ಹತ್ತುತ್ತಿದ್ದರು. ಪೆದ್ದಪ್ಪ ಮಾಟ ಮಾಡಿದ್ದಾನೆನ್ನಲು ಆವಲಪ್ಪನಿಗೆ ಇನ್ನೇನು ಪುರಾವೆ ಬೇಕು?

ದನದ ಡಾಕ್ಟರು ಹಲ್ಲು, ಕಿವಿ ನೋಡಿ, ಮೂಗಿಗೆ ಬಲೆ ಕಟ್ಟಿಸಿದ್ದರು. ಬಲೆಯಿದ್ದಷ್ಟು ದಿನ ರಾಜ ಸುಮ್ಮನಿತ್ತು. ಪೆದ್ದಪ್ಪ ಡಾಕ್ಟರಿಗೆ ಹೆದರಿ ಮಾಟ ನಿಲ್ಲಿಸಿದನೆಂದು ಆವಲಪ್ಪನ ಲೆಕ್ಕಾಚಾರ. ರಾಜನ ಮುದ್ದು ಮುಖವೇ ಕಾಣದೆಂದು ಬಲೆ ಕಿತ್ತೆಸೆದ. ಮತ್ತೆ ಶುರುವಾಯಿತು.

ನಿಲ್ದಾಣದ ಜಟಕಾದವರಲ್ಲಿ ಹಿರಿಯ ಮುನಿಶಾಮಿ ನಡುವೆ ಬಂದ. "ಇಬ್ರೂ ಹಿಡೀರಿ. ಯಾರ ಕೈಲಿ ನೆಟ್ಟಗೆ ನಿಲ್ತದೋ, ಕುದುರೆ ಅವರ್ದು."

ಹಟಕ್ಕೆ ಬಿದ್ದ ಆವಲಪ್ಪ ಒಪ್ಪಿಬಿಟ್ಟ.

ಪೆದ್ದಪ್ಪ ಲಗಾಮು ಹಿಡಿದ. ರಾಜ ಕದಲಲಿಲ್ಲ.

ಆವಲಪ್ಪ ಧೈರ್ಯಕ್ಕೊಂದು ಚಿಟಿಕೆ ನಸ್ಯ ಏರಿಸಿ, ಪಂಚೆ ಬಿಗಿದು ಮುಂದೆ ಬಂದ. ಎಂದಿನಂತೆ ಕುದುರೆಯ ಮೂಗು ಸವರಿದ. "ಮಾನ ಕಳೀಬೇಡ ಕಣೋ ರಾಜಾ."

ರಾಜ ತಲೆಯನ್ನು ಎಷ್ಟು ಜೋರಾಗಿ ಕೊಡವಿತೆಂದರೆ ಆವಲಪ್ಪನ ಹುಬ್ಬು ಒಡೆಯಿತು. ಸುತ್ತಲಿದ್ದವರು ನಕ್ಕರು.

"ಮಾಟ ಮಾಡ್ದೋನ ಕೈಲಿ ನಿಲ್ದೆ ಇನ್ಯಾರ ಕೈಲಿ ನಿಲ್ತದೆ? ಇಟ್ಕೊ, ನೀನೂ ನಿನ್ ವಂಶಾನೂ ಉದ್ಧಾರವಾಗ್ರಿ," ಎಂದು ಆವಲಪ್ಪ ಲಗಾಮನ್ನು ಪೆದ್ದಪ್ಪನ ಮುಖಕ್ಕೆಸೆದ.

ಮನೆಯವರೆಗೂ ಬೈಗುಳ, ಚಿಟಿಕೆಯ ಮೇಲೆ ಚಿಟಿಕೆ. ಮಗನಂತೆ ಸಾಕಿದ ಕುದುರೆ ಪರರ ಪಾಲಾಯಿತು.

ಬಾಗಿಲಲ್ಲಿ ಪುಟ್ಟ ಮೊಮ್ಮಗಳು ಆದಿಲಕ್ಷ್ಮಿ ಕೈ ಚಾಚಿದಳು. ಎತ್ತಿಕೊಂಡವನಿಗೆ ಅಳು ಒತ್ತಿ ಬಂತು. "ನೀನೊಬ್ಳೇ ನನ್ನೋಳು ಕಣೇ," ಎಂದು ಮೂಗು ಸವರಿದ.

ಮಗು ಸೀನಿತು, ರಾಜನ ಹಾಗೆಯೇ ತಲೆ ಕೊಡವಿತು; ಅದರ ಮೂಗಿನ ಮೇಲೆ ತಾತನ ಹೆಬ್ಬೆರಳಿನ ನಸ್ಯ ಕಂದು ಗೆರೆಯಾಗಿ ಅಂಟಿತ್ತು.