ಪಾಪು ಏಳುವ ಹೊತ್ತಿಗೆ

ಬಚ್ಚಲುಮನೆಯಲ್ಲಿ ಮತ್ತೆ ನೀರಿನ ಸದ್ದು. ಸೊಸೆ ಮಡಚುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಸಾಡಿ ಓಡಿದಳು. ಆರು ವರ್ಷದ ಮಗಳು ಸ್ಟೂಲಿನ ಮೇಲೆ ನಿಂತು ಮೊಣಕೈವರೆಗೂ ನೊರೆ ಹಚ್ಚಿಕೊಂಡಿದ್ದಳು. ಬೆಳಿಗ್ಗೆಯಷ್ಟೇ ತೆಗೆದಿಟ್ಟ ಹೊಸ ಸೋಪು ಆಗಲೇ ಸವೆದು ತೆಳ್ಳಗಾಗಿತ್ತು.

"ಎಷ್ಟು ಸಲನೇ ತೊಳೀತೀಯಾ? ಚರ್ಮ ಕಿತ್ಕೊಂಡು ಬರುತ್ತೆ ಅಷ್ಟೆ! ಅತ್ತೆ, ನೀವೇ ಏನಾದ್ರೂ ಮಾಡಿ, ನಂಗಂತೂ ಸಾಕಾಯ್ತು."

ಕರೆದದ್ದೇ ತಡ, ಅಜ್ಜಿ ಕನ್ನಡಕ ಏರಿಸಿಕೊಂಡು ಬಂದರು. ಹೆರಿಗೆ ವಾರ್ಡಿನಲ್ಲಿ ತಲೆ ನರೆಯುವವರೆಗೂ ನರ್ಸಾಗಿದ್ದವರು. ಅವರ ಮಾತಿಗೆ ಡಾಕ್ಟರುಗಳೇ ಎದುರಾಡುತ್ತಿರಲಿಲ್ಲ. ಮೊಮ್ಮಗಳ ಕೈ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಗೆಣ್ಣುಗಳೆಲ್ಲ ಬಿರುಕು ಬಿಟ್ಟು ಕೆಂಪಗಾಗಿದ್ದವು. ಮುಲಾಮು ಹಚ್ಚುತ್ತಲೇ ವಿಚಾರಣೆ ಶುರು ಮಾಡಿದರು.

"ಎಲ್ಲಿದೆ ಕೊಳೆ? ತೋರಿಸು ನೋಡೋಣ."

"ನಂಗೆ ಕಾಣಲ್ಲ ಅಜ್ಜಿ. ನಿಂಗೆ ಮಾತ್ರ ಕಾಣೋದು."

"ನಂಗಾ?"

"ಹೂಂ. ಪಾಪೂನ ಎತ್ಕೋತೀನಿ ಅಂದಾಗೆಲ್ಲ ಕೈ ತೊಳ್ಕೊಂಡು ಬಾ ಅಂತೀಯ. ನಾನು ಬರೋಷ್ಟರಲ್ಲಿ ಅವನನ್ನ ಮಲಗಿಸಿಬಿಟ್ಟಿರ್ತೀಯ. ಅದಕ್ಕೇ ಅವನು ಏಳೋಕೆ ಮುಂಚೇನೇ ತೊಳ್ಕೊಂಡು ರೆಡಿಯಾಗಿರ್ತೀನಿ. ಯಾವಾಗ ಏಳ್ತಾನೋ ಗೊತ್ತಾಗಲ್ವಲ್ಲ, ಅದಕ್ಕೆ ತೊಳೀತಾನೇ ಇರ್ತೀನಿ."

ಅಜ್ಜಿಯ ಬೆರಳು ಮುಲಾಮಿನ ಡಬ್ಬಿಯಲ್ಲೇ ನಿಂತುಬಿಟ್ಟಿತು. ವಾರ್ಡಿನಲ್ಲಿ ಇದು ಅವರ ಹಳೆಯ ವಿದ್ಯೆ. ಕೂಸು ಹುಟ್ಟಿತೆಂದರೆ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ನೆಂಟರು ಮುತ್ತುತ್ತಿದ್ದರು. ಆಚೆ ಹೋಗಿ ಎಂದರೆ ಜಗಳ. ಕೈ ತೊಳೆದುಕೊಂಡು ಬನ್ನಿ ಎಂದರೆ ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ನಲ್ಲಿ ಇದ್ದದ್ದು ಹಜಾರದ ಆಚೆ ತುದಿಯಲ್ಲಿ. ಅವರು ಹುಡುಕಿ, ತೊಳೆದು ಬರುವಷ್ಟರಲ್ಲಿ ಭೇಟಿಯ ಹೊತ್ತು ಮುಗಿದು ಬಾಗಿಲು ಹಾಕಿರುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ. ಬಾಯಿಗೆ ರೂಢಿಯಾಗಿದ್ದ ಆ ಮಾತನ್ನು ಈ ಚೋಟುದ್ದದ ಹುಡುಗಿಯ ಮೇಲೂ ಪ್ರಯೋಗಿಸಿದ್ದರು. ಆ ನೆಂಟರೇನೋ ಬೇಸತ್ತು ಮನೆಗೆ ಹೋಗುತ್ತಿದ್ದರು. ಇವಳಿಗೆ ಇದೇ ಮನೆ.

ಅಜ್ಜಿಗೆ ನಾಚಿಕೆಯೂ ಆಯಿತು, ನಗುವೂ ಬಂತು. "ಬಾರೇ ನನ್ನ ಬಂಗಾರ" ಎಂದು ಅವಳನ್ನು ಚಾಪೆಯ ಮೇಲೆ ಗೋಡೆಗೊರಗಿಸಿ ಕೂರಿಸಿದರು. ತೊಡೆಯ ಮೇಲೆ ದಿಂಬಿಟ್ಟು, ತೊಟ್ಟಿಲಲ್ಲಿ ಕಣ್ಣು ಪಿಳಿಪಿಳಿ ಬಿಡುತ್ತಿದ್ದ ತಮ್ಮನನ್ನು ತಂದು ಮಡಿಲಲ್ಲಿಟ್ಟರು. ಹುಡುಗಿ ಉಸಿರಾಡುವುದನ್ನೂ ಮರೆತಳು. ಪಾಪು ಅಕ್ಕನನ್ನು ಗಂಭೀರವಾಗಿ ನೋಡಿತು, ಕಾಲು ಝಾಡಿಸಿತು, ಆಮೇಲೆ ದಿಂಬು, ಲಂಗ, ಅಕ್ಕನ ಕೈ ಎಲ್ಲವನ್ನೂ ಒದ್ದೆ ಮಾಡಿಬಿಟ್ಟಿತು.

"ಅಯ್ಯಯ್ಯೋ! ಏಳೇ, ಹೋಗಿ ತೊಳ್ಕೋ!" ಎಂದು ಸೊಸೆ ಕೂಗಿದಳು.

ಹುಡುಗಿ ತಮ್ಮನನ್ನು ಇನ್ನಷ್ಟು ಅವಚಿಕೊಂಡಳು. "ಏಳಲ್ಲ. ಹೋದ್ರೆ ಮತ್ತೆ ಕೊಡಲ್ಲ ನೀವು."

ಸೊಸೆ ಅತ್ತೆಯ ಮುಖ ನೋಡಿದಳು. ಅಜ್ಜಿ ಬೋಗುಣಿಯಲ್ಲಿ ಬೆಚ್ಚನೆಯ ನೀರು ತುಂಬಿಸಿ ತಂದು, ಮಂಡಿನೋವಿಗೆ "ಅಮ್ಮಾ" ಎನ್ನುತ್ತ ಮೊಮ್ಮಗಳ ಮುಂದೆ ಕೂತರು.

"ಕೊಡು ಕೈ."

ಹುಡುಗಿ ಒಂದೇ ಒಂದು ಕೈ ಚಾಚಿದಳು.

"ಇದನ್ನ ತೊಳಿ ಅಜ್ಜಿ. ಇನ್ನೊಂದ್ರಲ್ಲಿ ಪಾಪು ಇದಾನೆ."